ಅವ್ವನಿಗೆ ಬಡಿಸದ ಕ್ಯಾಪ್ಟನ್

ಹೋಟೆಲ್ ಕೆಲಸಕ್ಕೆ ಸೇರುವವರು ಈಗ ಕಾಲೇಜಿನಲ್ಲಿ ಓದಿ, ಟೈ ಕಟ್ಟಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಅವರಲ್ಲಿ ಕೆಲವರು ಹಗರೆಯ ನಮ್ಮ ಮನೆಗೂ ಬಂದು, "ಸರ್, ಏನಾದ್ರೂ ಟಿಪ್ಸ್ ಕೊಡಿ" ಎಂದು ಕೇಳುವುದುಂಟು. ಗ್ಲಾಸನ್ನು ಬುಡದಲ್ಲಿ ಹಿಡಿ, ಉಗುರು ಕತ್ತರಿಸಿಕೋ, ಅತಿಥಿ ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದೆಲ್ಲ ಹೇಳಿ, ಕಾಫಿ ಕುಡಿಸಿ ಕಳಿಸುತ್ತೇನೆ. ನಿಜವಾಗಿ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಈ ಕೆಲಸದಲ್ಲಿ ಕಾಲು ನೋಯುತ್ತದೆ, ಅದಕ್ಕೆ ಎಣ್ಣೆ ಹಚ್ಚಿಕೊಳ್ಳಬಹುದು. ನಾಚಿಕೆಯೂ ಆಗುತ್ತದೆ. ಅದನ್ನು ನಾನು ನೌಕರಿಯ ಉದ್ದಕ್ಕೂ ಕೋಟಿನೊಳಗೆ ಮುಚ್ಚಿಟ್ಟುಕೊಂಡಿದ್ದು, ನಿವೃತ್ತನಾದ ಮೇಲೆ ನಮ್ಮವ್ವನ ಹುಟ್ಟುಹಬ್ಬದ ಊಟದಲ್ಲಿ ಎಲ್ಲರೆದುರು ಹೊರಗೆ ಹಾಕಿದೆ. ಹೊಸದಾಗಿ ಸೇರುವವರು ಇದನ್ನು ಓದಲಿ. ಟಿಪ್ಸ್ ಬೇರೆ ಯಾರಾದರೂ ಕೊಟ್ಟಾರು.

ನಮ್ಮದು ಹಗರೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಲಿಂಗಾಯತರ ಮನೆ. ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದು, ಅರಸೀಕೆರೆಯ ಸ್ಟೇಷನ್ ರಸ್ತೆಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರುತ್ತೇನೆ ಎಂದಾಗ ಅಪ್ಪ ಕೆಂಡವಾದರು.

"ತಕ್ಕಡಿ ಹಿಡಿದ ಮನೆತನ ನಮ್ದು. ಎಂಜಲೆತ್ತೋಕೆ ಹೋಗ್ತೀಯೇನ್ಲಾ?"

ಅವ್ವ ರೊಟ್ಟಿ ತಟ್ಟುತ್ತಾ ಕೂತಿದ್ದಳು. "ಮಠದ ದಾಸೋಹದಲ್ಲಿ ನೀವೇ ಪಂಚೆ ಎತ್ಕಟ್ಕಂಡು ಸೌಟು ಹಿಡೀತೀರಲ್ಲ, ಇವ್ನು ಹಿಡುದ್ರೆ ಏನಂತೆ?" ಎಂದಳು.

"ಅದು ಸೇವೆ ಕಣೇ. ಇದು ಕೂಲಿ."

ಇಬ್ಬರ ಮಾತೂ ನನ್ನ ಕಿವಿಗೆ ಬಿದ್ದಿತ್ತು. ನಾನು ನಂಬಿದ್ದು ಅಪ್ಪನ ಮಾತನ್ನು.

ಅರಸೀಕೆರೆಯ ಗಿರಾಕಿಗಳೆಂದರೆ ರೈಲು ಕೂಗಿದರೆ ಅರ್ಧ ಇಡ್ಲಿ ಬಿಟ್ಟು ಓಡುವವರು. ಮೊಣಕೈವರೆಗೂ ದೋಸೆ ತಟ್ಟೆ ಜೋಡಿಸಿಕೊಂಡು ಓಡಾಡಲು ಅಲ್ಲೇ ಕಲಿತೆ. ಒಂದು ಸಲ ಅವಸರದಲ್ಲಿ ಮದುವೆಗೆ ಹೊರಟಿದ್ದವರೊಬ್ಬರ ರೇಷ್ಮೆ ಪಂಚೆಯ ಮೇಲೆ ಸಾಂಬಾರಿನ ಬಕೆಟ್ಟನ್ನೇ ವಾಲಿಸಿದೆ. ಆ ಮನುಷ್ಯ ಬೈಯಲಿಲ್ಲ. ಮಾಲೀಕರ ಪಂಚೆ ಉಟ್ಟುಕೊಂಡು ರೈಲು ಹತ್ತಿ ಹೋದರು. ಬೈಗುಳವನ್ನೆಲ್ಲ ಮಾಲೀಕರೇ ವಹಿಸಿಕೊಂಡರು. ಎಷ್ಟೋ ದಿನ ಅವರು ನನ್ನನ್ನು ಕರೆಯುತ್ತಿದ್ದುದೇ "ಲೋ ಸಾಂಬಾರು" ಎಂದು. ಅಂಗಡಿ ಸಾಮಾನಿಗೆಂದು ಅರಸೀಕೆರೆಗೆ ಬಂದ ನಮ್ಮೂರಿನವರು ಯಾರಾದರೂ ಬಾಗಿಲಲ್ಲಿ ಕಂಡರೆ ನಾನು ಅಡುಗೆಮನೆಗೆ ನುಗ್ಗಿ, ಅವರು ಎದ್ದು ಹೋಗುವವರೆಗೂ ಈರುಳ್ಳಿ ಹೆಚ್ಚುತ್ತಾ ನಿಲ್ಲುತ್ತಿದ್ದೆ.

ಆಮೇಲೆ ಬೇಲೂರು ಹಳೇಬೀಡಿನ ನಡುವಿನ ರಸ್ತೆಯಲ್ಲಿ ಒಂದು ದೊಡ್ಡ ರೆಸಾರ್ಟು ಎದ್ದಿತು. ದೇವಸ್ಥಾನ ನೋಡಲು ಬರುವ ವಿದೇಶಿಯರಿಗೆಂದು ಕಟ್ಟಿದ್ದು. ಬಿಳಿ ಮೇಜುಬಟ್ಟೆ, ಮೇಣದ ಬತ್ತಿ, ಒಬ್ಬೊಬ್ಬರ ಮುಂದೆ ಮೂರು ಮೂರು ಗ್ಲಾಸು. ನನ್ನ ತಟ್ಟೆ ಜೋಡಿಸುವ ಕೈಚಳಕ ನೋಡಿ ಸೇರಿಸಿಕೊಂಡವರು ಅಲ್ಲಿನ ರೆಸ್ಟೋರೆಂಟ್ ಮ್ಯಾನೇಜರ್ ಫರ್ನಾಂಡಿಸ್, ಮಂಗಳೂರಿನವರು. ಭಾರಿ ಖಡಕ್ಕು ಆಸಾಮಿ. ದಿನಾ ಸಾಲಾಗಿ ನಿಲ್ಲಿಸಿ ನಮ್ಮ ಉಗುರು ನೋಡುವರು, ಬಾಯಿ ಊದಿಸಿ ಬೀಡಿ ವಾಸನೆ ಮೂಸುವರು. ಅವರು ನನಗೆ ಕಲಿಸಿದ ಮುಖ್ಯ ಪಾಠ ಒಂದು ಕುರ್ಚಿಯಿಂದ ಶುರುವಾಯಿತು.

ಬೇಲೂರಿನ ನಿವೃತ್ತ ಮೇಷ್ಟರೊಬ್ಬರ ಹುಟ್ಟುಹಬ್ಬಕ್ಕೆ ಮಗ ಅವರನ್ನು ಊಟಕ್ಕೆ ಕರೆತಂದಿದ್ದ. ಬ್ಯಾಂಕಿನಲ್ಲಿ ಕೆಲಸ ಆತನಿಗೆ. ಕೂತವನು ತನ್ನ ಕುರ್ಚಿಯನ್ನು ಸೊಟ್ಟಗೆ ಮಾಡಿಕೊಂಡ. ಕುರ್ಚಿ ಸೊಟ್ಟಗಿದ್ದರೆ ಫರ್ನಾಂಡಿಸ್ ಸಾಹೇಬರು ನನ್ನ ಚರ್ಮ ಸುಲಿಯುತ್ತಾರಲ್ಲ, ನಾನು ನಯವಾಗಿ ಹಿಡಿದು ನೆಟ್ಟಗೆ ಮಾಡಿದೆ. ಸೂಪು ತರುವಷ್ಟರಲ್ಲಿ ಮತ್ತೆ ಸೊಟ್ಟ. ಮತ್ತೆ ನೆಟ್ಟಗೆ ಮಾಡಿದೆ. ಆತ ಮತ್ತೆ ತಿರುಗಿಸಿಕೊಂಡ. ಕೊನೆಗೆ ತಾಳ್ಮೆ ಕೆಟ್ಟು, "ನಮ್ಮಪ್ಪ ಕಣ್ಣೆದುರಿಗೆ ಗಟ್ಟಿಮುಟ್ಟಾಗಿ ಕೂತಿದಾರೆ ಕಣ್ರೀ. ಅಪ್ಪ ಇಲ್ಲದೋರ ಹಾಗೆ ದಕ್ಷಿಣಕ್ಕೆ ಮುಖ ಮಾಡ್ಕೊಂಡು ನಾನು ಹ್ಯಾಗ್ರೀ ಊಟ ಮಾಡ್ಲಿ? ಹುಟ್ಟಿದಹಬ್ಬದ ದಿವಸವೇ ಅವರನ್ನ ಕಳಿಸ್ಬೇಕು ಅಂತಿದೀರಾ?" ಎಂದು ಕೂಗಿಕೊಂಡ. ಇಡೀ ಹಾಲ್ ತಿರುಗಿ ನೋಡಿತು. ಮೇಷ್ಟರು ಮಾತ್ರ ನಗುತ್ತಾ ಸೂಪು ಕುಡಿಯುತ್ತಿದ್ದರು.

ಒಳಗೆ ಫರ್ನಾಂಡಿಸ್ ನನ್ನ ಕಾಲರ್ ಹಿಡಿದುಕೊಂಡರು. "ಟೇಬಲ್ಲಿಗೆ ಕೂತವರು ಮಾಡಿದ್ದು ಸರಿ ಮಾರಾಯ. ತಲೆಕೆಳಗೆ ನಿಂತು ಉಣ್ತೇನೆ ಅಂದ್ರೆ ನೀನು ಬಗ್ಗಿ ಬಡಿಸಬೇಕು. ತಿಳಿಯಿತಾ?" ತಿಳಿಯಿತು. ಆ ಮಾತನ್ನು ಮುಂದೆ ಎಷ್ಟೋ ಮಂದಿಗೆ ನಾನೇ ಪಾಠದಂತೆ ಹೇಳಿಕೊಟ್ಟೆ.

ಅಲ್ಲಿಂದ ಮುಂದೆ ಅಪ್ಪ ಅಮ್ಮನ ಹುಟ್ಟುಹಬ್ಬಕ್ಕೆ ಬರುವವರ ಮೇಜೆಂದರೆ ನನ್ನದೇ ಆಯಿತು. ಆ ಮೇಜುಗಳ ಕಷ್ಟವೇ ಬೇರೆ. ಕರೆತಂದ ಮಕ್ಕಳಿಗೆ ಉತ್ಸಾಹ, ಬಂದ ಹಿರಿಯರಿಗೆ ಮುಜುಗರ. ಅರೇಹಳ್ಳಿ ಕಡೆಯ ತಾಯಿಯೊಬ್ಬರು ಮೆನು ಕಾರ್ಡಿನಲ್ಲಿ ತಿಂಡಿಯ ಹೆಸರು ಬಿಟ್ಟು ಬರೀ ದರದ ಸಾಲನ್ನೇ ಓದಿ, "ನಂಗ್ಯಾಕೋ ಹೊಟ್ಟೆ ಸರಿ ಇಲ್ಲ, ಒಂಚೂರು ಮೊಸರನ್ನ ಸಾಕು" ಎಂದುಬಿಟ್ಟರು. ಮಗಳ ಮುಖ ನೋಡಲಾಗಲಿಲ್ಲ. ಮಾರನೆಯ ದಿನ ನಾನು ಫರ್ನಾಂಡಿಸ್ ಸಾಹೇಬರನ್ನು ಕಾಡಿ, ದರ ಅಚ್ಚು ಹಾಕದ ಕೆಲವು ಕಾರ್ಡುಗಳನ್ನು ಮಾಡಿಸಿದೆ. ಮಕ್ಕಳಿಗೆ ದರವಿರುವ ಕಾರ್ಡು, ತಂದೆತಾಯಿಗೆ ಇಲ್ಲದ್ದು. ಎಷ್ಟು ಜನ ಮುದುಕರು ಆ ಕಾರ್ಡು ಹಿಡಿದು ನಿಶ್ಚಿಂತೆಯಿಂದ ಉಂಡು ಹೋದರೋ. ಈಗ ಮೇಜಿನ ಮೇಲೆ ಚೌಕದ ಚಿತ್ರ ಅಂಟಿಸಿರುತ್ತಾರೆ, ಫೋನು ಹಿಡಿದರೆ ಮೆನು ಬರುತ್ತದೆ, ದರವೂ ಬರುತ್ತದೆ, ಮೊಸರನ್ನವೂ ಹಿಂದೆಯೇ ಬರುತ್ತದೆ.

ಬಡಿಸುವ ರೀತಿಯೂ ಬದಲಾಯಿತು. ನಮ್ಮ ಕಾಲದಲ್ಲಿ ದೊಡ್ಡ ತಟ್ಟೆಯಲ್ಲಿ ಊಟ ತಂದು, ಅತಿಥಿಯ ಎಡಗಡೆ ಬಾಗಿ ನಿಂತು, ಒಂದೇ ಕೈಯಲ್ಲಿ ಚಮಚ ಮತ್ತು ಫೋರ್ಕು ಇಕ್ಕಳದಂತೆ ಹಿಡಿದು, ಸಾಕೇ ಇನ್ನಷ್ಟು ಬೇಕೇ ಎಂದು ಮುಖ ನೋಡಿ ಬಡಿಸಬೇಕಿತ್ತು. ಈಗ ಒಳಗಿನಿಂದಲೇ ತಟ್ಟೆಯಲ್ಲಿ ಅಲಂಕರಿಸಿ ತಂದು ಮುಂದಿಟ್ಟು, ಎರಡು ಮಾತು ಇಂಗ್ಲಿಷ್ ಹೇಳಿ ಹೋಗುತ್ತಾರೆ. ನೋಡಲು ಚೆನ್ನ, ಕೆಲಸವೂ ಹಗುರ. ನಾನು ಹಳೆಯ ಪದ್ಧತಿಯನ್ನು ಬಿಡದೆ ಕಲಿಸಿದ ಕೊನೆಯವಳು ರಮ್ಯ, ಹಳೇಬೀಡಿನ ಹುಡುಗಿ. ನಾನು ನಿವೃತ್ತನಾದಾಗ ನನ್ನ ಜಾಗಕ್ಕೆ ಅವಳೇ ಬಂದಳು.

ಆ ಜಾಗದ ಹೆಸರು ಕ್ಯಾಪ್ಟನ್. ಬಡಿಸುವವರ ಮುಖ್ಯಸ್ಥನನ್ನು ದೊಡ್ಡ ಹೋಟೆಲುಗಳಲ್ಲಿ ಹಾಗೆ ಕರೆಯುತ್ತಾರೆ. ನಾನು ಕ್ಯಾಪ್ಟನ್ ಆದ ಸುದ್ದಿಯನ್ನು ಅಪ್ಪ ಹಾಲಿನ ಡೇರಿಯ ಮುಂದೆ ನಿಂತು ಊರಿಗೆ ಹೇಳಿದರು. ಎಂಥ ಕ್ಯಾಪ್ಟನ್ ಎಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಾನು ರೆಸಾರ್ಟಿನ ಕ್ವಾರ್ಟರ್ಸಿನಲ್ಲೇ ಇದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು. ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ನನ್ನ ಕರಿ ಕೋಟು, ಅದರ ಹಿತ್ತಾಳೆ ಗುಂಡಿ ನೋಡಿ ಅರ್ಧ ಊರು ಏನೇನೋ ಅಂದುಕೊಂಡಿತು. ಉಳಿದರ್ಧಕ್ಕೆ ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದರು. ಒಂದು ಸ್ವಾತಂತ್ರ್ಯ ದಿನಕ್ಕೆ ನಮ್ಮೂರ ಶಾಲೆಯ ಹೆಡ್ಮಾಸ್ಟರು ಮನೆಗೆ ಬಂದು, "ಕ್ಯಾಪ್ಟನ್ ಸಾಹೇಬ್ರೇ, ಬಾವುಟ ಹಾರಿಸೋಕೆ ನೀವೇ ಬರ್ಬೇಕು. ದೇಶ ಕಾದೋರು" ಎಂದರು! ನಾನು ಕಾದದ್ದು ಊಟದ ಮೇಜು. "ಇಲ್ಲ ಸಾರ್, ಅವತ್ತು ಡ್ಯೂಟಿ ಇದೆ" ಎಂದೆ. ಅವರು ಎದ್ದು ನಿಂತು ಕೈ ಕುಲುಕಿ ಹೋದರು.

ನಾನು "ಹೋಟೆಲಿನಲ್ಲಿ ಬಡಿಸುವವರ ಕ್ಯಾಪ್ಟನ್ ಸಾರ್" ಎಂದು ನಕ್ಕು ಹೇಳಬಹುದಿತ್ತು. ಹೇಳಲಿಲ್ಲ. ಮಗಳು ಕಾವ್ಯಳ ಮದುವೆ ಮಾತುಕತೆಯಲ್ಲಿ ಅರಸೀಕೆರೆಯ ಬೀಗರಾದ ಕೊಬ್ಬರಿ ವ್ಯಾಪಾರದ ರೇಣುಕಪ್ಪನವರಿಗೂ ರೆಸಾರ್ಟಿನಲ್ಲಿ ಕ್ಯಾಪ್ಟನ್ ಎಂದಷ್ಟೇ ಹೇಳಿದೆ. ಅವರು ಮ್ಯಾನೇಜರಿಗಿಂತ ಮೇಲಿನದು ಎಂದುಕೊಂಡರು. ಇನ್ನೂ ಒಂದಿದೆ. ಮನೆಯಲ್ಲಿ ನಾನು ಒಂದು ದಿನವೂ ಸೌಟು ಮುಟ್ಟಲಿಲ್ಲ. ಹಬ್ಬದಲ್ಲಿ ನೆಂಟರು ಕೂತಾಗ ಬಡಿಸಲು ಹೆಂಡತಿ ಶಾಂತ ಒಬ್ಬಳೇ ಒದ್ದಾಡುತ್ತಿದ್ದರೂ ನಾನು ಅಲುಗಾಡುತ್ತಿರಲಿಲ್ಲ. ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಮೈ ತಾನಾಗಿ ಬಾಗಿ, ನನ್ನ ಗುಟ್ಟು ಬಯಲಾದೀತು ಎಂಬ ಭಯ.

ಈಗ ಹುಟ್ಟುಹಬ್ಬಕ್ಕೆ ಬರುತ್ತೇನೆ.

ಅವ್ವ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಕೇಳಿದರೆ "ರಾಗಿ ಕಣ ಮಾಡೋ ಕಾಲ" ಎನ್ನುತ್ತಾಳೆ. ಆಧಾರ್ ಕಾರ್ಡಿನ ಪ್ರಕಾರ ಜನವರಿ ಒಂದು. ಆ ಲೆಕ್ಕದಲ್ಲಿ ನಮ್ಮೂರಿನ ಮುದುಕ ಮುದುಕಿಯರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಕಾವ್ಯ ಅದನ್ನೇ ಹಿಡಿದುಕೊಂಡು, "ಅಜ್ಜಿಗೆ ಎಂಬತ್ತಾಯ್ತು, ನಿಮ್ಮ ರೆಸಾರ್ಟಲ್ಲೇ ಡಿನ್ನರ್. ಮಾವ ಅತ್ತೆಗೂ ಹೇಳಿದೀನಿ" ಎಂದು ಫೋನು ಮಾಡಿದಳು. ಮಗಳಿಗೆ ನನ್ನ ಕೆಲಸ ಗೊತ್ತು. ಬೀಗರಿಗೆ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಿಲ್ಲ. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ. ಅವ್ವ ಬೇರೆ ಚಿಕ್ಕ ಹುಡುಗಿಯಂತೆ ಹಿಗ್ಗಿ, "ನನ್ ಮಗ ಇದ್ದ ಜಾಗ ಒಂದ್ ಸಲನಾದ್ರೂ ನೋಡ್ಬೇಕು" ಎಂದು ಟ್ರಂಕಿನಿಂದ ಇಳಕಲ್ ಸೀರೆ ತೆಗೆಸಿದಳು. ಅಷ್ಟು ಹತ್ತಿರದ ಊರು, ಅಷ್ಟು ವರ್ಷ, ನಾನೇ ಅವಳನ್ನು ಕರೆದುಕೊಂಡು ಹೋಗಿರಲಿಲ್ಲ.

ಹಿಂದಿನ ದಿನ ರಮ್ಯಳಿಗೆ ಫೋನು ಮಾಡಿದೆ. "ನೋಡಮ್ಮ, ಬೀಗರು ಬರ್ತಿದಾರೆ. ನಾನು ಟೇಬಲ್ ಕೆಲಸ ಮಾಡ್ತಿದ್ದ ಮಾತು ಎತ್ಬೇಡ. ಹುಡುಗರಿಗೂ ಹೇಳು." ಅವಳು "ಸರಿ ಸರ್" ಎಂದಳು. ಆ ಹುಡುಗಿಯೂ ಅದೇ ಕೆಲಸ ಮಾಡುತ್ತಾಳೆ ಎಂಬುದು ನನಗೆ ಹೊಳೆದದ್ದು ಫೋನು ಇಟ್ಟ ಮೇಲೆ. ಥೂ, ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ಹೋದೆವು. ಹಳೆಯ ಹುಡುಗರು ನನ್ನನ್ನು ಕಂಡು ಮುಖವರಳಿಸಿ, ಹೇಳಿಸಿಕೊಂಡದ್ದು ನೆನಪಾಗಿ ಗೋಡೆ ಕಡೆ ನೋಡಿದರು. ಅವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಳು. ರಮ್ಯ ಬಂದು ಕೈ ಮುಗಿದು, ದಿನಾ ಹೇಳುವ ಮಾತನ್ನೇ ರೂಢಿಯಂತೆ ಹೇಳಿಬಿಟ್ಟಳು: "ನಮಸ್ಕಾರ, ನಾನು ರಮ್ಯ, ಇವತ್ತು ನಿಮ್ಮ ಟೇಬಲ್ಲಿನ ಕ್ಯಾಪ್ಟನ್." ಹೇಳಿ ನಾಲಗೆ ಕಚ್ಚಿಕೊಂಡಳು.

ರೇಣುಕಪ್ಪನವರು ಅವಳ ಕರಿ ಕೋಟು ನೋಡಿದರು, ತೋಳಿನ ಮೇಲಿನ ಬಿಳಿ ಬಟ್ಟೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ದೊಡ್ಡ ಮನುಷ್ಯರು, ಕೊಬ್ಬರಿ ಧಾರಣೆಯ ಮಾತು ತೆಗೆದರು. ಅವ್ವನೂ ರಮ್ಯಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓಹೋ" ಎಂದಷ್ಟೇ ಅಂದಳು.

ಊಟ ಬಂತು. ಅಗಲವಾದ ಬಿಳಿ ತಟ್ಟೆಯ ನಡುವೆ ಮಡಿಚಿದ ಒಂದಿಷ್ಟು ಅಕ್ಕಿರೊಟ್ಟಿ, ಪಕ್ಕದಲ್ಲಿ ಚೂರು ಪಲ್ಯ, ಸುತ್ತ ಗೆರೆ ಎಳೆದಂತೆ ಚಟ್ನಿ, ಮೇಲೊಂದು ಹೂವಿನ ಎಸಳು. ಎದುರಿಗೆ ಮೇಣದ ಬತ್ತಿ ಉರಿಯುತ್ತಿತ್ತು. ಹುಡುಗರು ತಟ್ಟೆಗಳನ್ನಿಟ್ಟು ಹಿಂದೆ ಸರಿದರು. ಎಲ್ಲರೂ ಶುರು ಮಾಡಿದರು. ಅವ್ವ ಕೊರಳ ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

"ತಿನ್ನಜ್ಜಿ" ಎಂದಳು ಕಾವ್ಯ.

"ಬಡ್ಸೋದಿಲ್ವಾ?"

"ಬಡ್ಸಾಯ್ತಲ್ಲ ಅಜ್ಜಿ, ತಟ್ಟೇಲೇ ಐತಲ್ಲ."

"ಇದು ಬಡ್ಸಿದ್ದಲ್ಲ ಕಣೇ. ತಂದು ಇಟ್ಬುಟ್ಟು ಹೋದ್ರು. ದೀಪ ಹಚ್ಚವ್ರೆ, ಹೂವ ಮಡುಗವ್ರೆ. ಹಿರೇರ ಹಬ್ಬದಾಗೆ ಸತ್ತೋರಿಗೆ ಎಡೆ ಇಟ್ಟಂಗೆ ಇಟ್ಟವ್ರೆ. ಹುಟ್ಟಿದಬ್ಬ ಅಂತ ಕರ್ಕೊಂಬಂದು ನಂಗೆ ಎಡೆ ಇಟ್ಬುಟ್ರಲ್ಲೋ!"

ಕಾವ್ಯ ನಕ್ಕಳು. ಬೀಗಿತ್ತಿಯೂ ನಕ್ಕರು. ಅವ್ವ ನಗಲಿಲ್ಲ. ನನ್ನ ಕಡೆ ತಿರುಗಿ, ಎಂದಿನ ದನಿಯಲ್ಲೇ, "ನೀನು ಬಡ್ಸಪ್ಪ. ಈ ಮಗೀನಂಗೆ ನೀನೂ ಕ್ಯಾಪ್ಟನ್ ಅಲ್ವಾ? ನಿನ್ ಕೈಯಾಗೆ ಬಡುಸ್ಕಂಡು ಉಣ್ಣನ ಅಂತ್ಲೇ ಬಂದಿದ್ದು" ಎಂದಳು.

ಅಯ್ಯೋ, ಕ್ಯಾಪ್ಟನ್ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತೋ, ಆಗ ತಾನೇ ತಿಳಿಯಿತೋ, ನಾನು ಇವತ್ತಿಗೂ ಕೇಳಿಲ್ಲ. ಚಮಚ ಫೋರ್ಕು ಕೈಗೆಟಕುವಲ್ಲೇ ಇದ್ದವು. ಏಳುವುದು, ಎರಡು ಹೆಜ್ಜೆ ಸುತ್ತಿಬಂದು ಎಡಗಡೆ ನಿಲ್ಲುವುದು, ಬಾಗುವುದು. ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುವ ಕೆಲಸ. ಆ ಹಾಲಿನಲ್ಲಿ ಎಷ್ಟು ಜನರ ಅವ್ವಂದಿರಿಗೆ ಹಾಗೆ ಬಾಗಿದ್ದೆನೋ. ಆದರೆ ಹುಡುಗರು ನೋಡುತ್ತಿದ್ದರು. ಬೀಗರು ತುತ್ತು ನಿಲ್ಲಿಸಿ ನೋಡುತ್ತಿದ್ದರು. ಎಂಜಲೆತ್ತೋಕೆ ಹೋಗ್ತೀಯೇನ್ಲಾ ಎಂದ, ಈಗ ತೀರಿಹೋಗಿರುವ ಅಪ್ಪನ ದನಿ ಕಿವಿಯಲ್ಲಿ ಮೊಳಗಿತು.

"ಸುಮ್ನೆ ಉಣ್ಣವ್ವ" ಎಂದೆ, ಹಲ್ಲು ಕಚ್ಚಿ. "ಎಲ್ಲಾ ನೋಡ್ತಾವ್ರೆ."

ಅವ್ವ ಮತ್ತೆ ಕೇಳಲಿಲ್ಲ. ತಟ್ಟೆಗೂ ಕೈ ಹಾಕಲಿಲ್ಲ.

ಆಗ ರಮ್ಯ ಬಂದಳು. ಆ ತಟ್ಟೆ ತೆಗೆದು ಖಾಲಿ ತಟ್ಟೆ ಇಟ್ಟಳು. ಒಳಗಿನಿಂದ ದೊಡ್ಡ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪಲ್ಯ ತರಿಸಿಕೊಂಡು, ಅವ್ವನ ಎಡಕ್ಕೆ ನಿಂತು ಬಾಗಿ, ಒಂದೇ ಕೈಯಲ್ಲಿ ಚಮಚ ಫೋರ್ಕು ಹಿಡಿದು ಬಡಿಸಿದಳು. "ಸಾಕಾ ಅಜ್ಜಿ? ಇನ್ನೊಂಚೂರು ಹಾಕ್ಲಾ?" ಅವಳ ಹೆಬ್ಬೆರಳು ನಾನು ಹೇಳಿಕೊಟ್ಟ ಜಾಗದಲ್ಲೇ ಇತ್ತು. ಅವ್ವ ಅವಳ ಮುಖ ನೋಡುತ್ತಾ ಉಂಡಳು.

"ಎಷ್ಟು ಚಂದಾಗಿ ಬಡುಸ್ತೀಯವ್ವ. ಯಾರು ಕಲ್ಸಿದ್ರು?"

ರಮ್ಯ ನನ್ನ ಕಡೆ ನೋಡಿದಳು. ನಾನು ನೀರಿನ ಗ್ಲಾಸು ನೋಡಿದೆ. ಕೊಟ್ಟ ಮಾತು ಮುರಿಯುವ ಹುಡುಗಿಯಲ್ಲ ಅವಳು.

"ಒಬ್ರು ಕ್ಯಾಪ್ಟನ್ ಇದ್ರು ಅಜ್ಜಿ" ಎಂದಳು. "ಈಗಿಲ್ಲ."

"ಅಯ್ಯೋ ಪಾಪ" ಎಂದಳು ಅವ್ವ, ನನ್ನನ್ನೇ ನೋಡುತ್ತಾ. "ಒಳ್ಳೇ ಮನುಷ್ಯ ಇದ್ದಿರ್ಬೇಕು."

ರೇಣುಕಪ್ಪನವರು ಕೈಯೊರೆಸಿಕೊಂಡು, "ನಾನೂ ವರ್ಷಾ ವರ್ಷಾ ಮಠದಾಗೆ ಬಡುಸ್ತೀನಿ ಕಣಮ್ಮ. ಅರ್ಧ ಎಲೇಗೆ, ಅರ್ಧ ನೆಲಕ್ಕೆ. ನಿನ್ನಂಗೆ ಬರಾದಿಲ್ಲ ಬಿಡು" ಎಂದರು. ರಮ್ಯ ನಕ್ಕಳು. ಎಲ್ಲರೂ ನಕ್ಕರು. ಯಾರಿಗೆ ಹೆದರಿ ಇಷ್ಟು ವರ್ಷ ಅಡಗಿದ್ದೆನೋ ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತು ಬಡಿಸುವ ಕೆಲಸವನ್ನು ಹೊಗಳುತ್ತಿದ್ದರು, ನಾನು ತಟ್ಟೆಯ ಹೂವಿನ ಎಸಳನ್ನು ಅಂಚಿಗೆ ಸರಿಸುತ್ತಾ ಕೂತಿದ್ದೆ. ಕೇಕು ಬಂತು, ಫೋಟೋ ತೆಗೆದರು. ಆ ಫೋಟೋದಲ್ಲಿ ಅವ್ವ ರಮ್ಯಳ ಕೈ ಹಿಡಿದುಕೊಂಡಿದ್ದಾಳೆ. ನಾನು ಅಂಚಿನಲ್ಲಿ, ಬೇರೆ ಯಾರದೋ ಮನೆಯ ನೆಂಟನಂತೆ ನಿಂತಿದ್ದೇನೆ.

ಮಾರನೆಯ ದಿನ ಅವ್ವ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ಪಾರ್ವತಮ್ಮ ಬಂದು ತಾನೂ ಸುಲಿಯಲು ಕೂತಳು. ನಾನು ಒಳಗೆ ಪೇಪರು ಓದುತ್ತಿದ್ದೆ.

"ಏನಕ್ಕ, ಕ್ಯಾಪ್ಟನ್ ಮಗ ಭಾರಿ ಹೋಟ್ಲಿಗೆ ಕರ್ಕೊಂಡೋಗಿದ್ನಂತೆ?"

"ಹೂಂ ಕಣೆ. ಅವ್ನು ಕೆಲ್ಸ ಮಾಡಿದ ಜಾಗವೇ. ಬಡ್ಸೋ ಕೆಲ್ಸ. ಬಡ್ಸೋರಿಗೆಲ್ಲ ಅವ್ನೇ ದೊಡ್ಡೋನಂತೆ. ಎಂತೆಂಥ ದೇಶದೋರಿಗೆ ಬಡ್ಸವ್ನೆ ಗೊತ್ತಾ? ಅವ್ನು ಕಲ್ಸಿದ ಹುಡ್ಗಿ ಒಬ್ಳವ್ಳೆ, ಆಹಾ, ಅವ್ಳು ಬಡ್ಸಿದ್ರೆ ಇನ್ನೂ ಉಣ್ಣನ ಅನ್ಸುತ್ತೆ."

ಊರಿನಲ್ಲಿ ಯಾರೂ ಆಡದ ಮಾತನ್ನು ಅವ್ವ ರಸ್ತೆಗೆ ಕೇಳುವಂತೆ ಆಡುತ್ತಿದ್ದಳು, ಹೆಮ್ಮೆಯಿಂದ.

"ಲೋಕಕ್ಕೆಲ್ಲ ಬಡ್ಸವ್ನೆ ಪಾರ್ವತಿ. ನಂಗೊಬ್ಳಿಗೆ ಬಡ್ಸಕ್ಕೆ ನಾಚ್ಕಂಡ."

ಪೇಪರಿನ ಅಕ್ಷರ ಕಾಣಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಶಾಂತ ಮುದ್ದೆ ಕಟ್ಟುತ್ತಿದ್ದಳು. ಅವಳ ಕೈಯಿಂದ ತಟ್ಟೆ ಇಸಿದುಕೊಂಡೆ. ಮುದ್ದೆಯ ತಟ್ಟೆ, ಸಾರಿನ ಪಾತ್ರೆ ಹಿಡಿದು ಜಗಲಿಗೆ ಬಂದೆ. ಪಾರ್ವತಮ್ಮ ಅಲ್ಲೇ ಇದ್ದಳು, ರಸ್ತೆಯಲ್ಲಿ ಡೇರಿಯ ಹುಡುಗರಿದ್ದರು. ಅವ್ವನ ಮುಂದೆ ತಟ್ಟೆ ಇಟ್ಟು, ಅವಳ ಎಡಕ್ಕೆ ನಿಂತು, ಒಂದು ಕೈ ಬೆನ್ನ ಹಿಂದೆ ಕಟ್ಟಿ, ಬಾಗಿ, ಸೌಟಿನಿಂದ ಸಾರು ಬಡಿಸಿದೆ. ಕಣ್ಣು ಸೌಟಿನ ಮೇಲಿರಲಿಲ್ಲ, ಅವ್ವನ ಮುಖದ ಮೇಲಿತ್ತು. ಅರ್ಧ ಸಾರು ತಟ್ಟೆಗೆ, ಅರ್ಧ ಅವ್ವನ ಸೀರೆಗೆ.

ಅವ್ವ ಸೀರೆ ಕೊಡವಿಕೊಂಡು ನನ್ನ ಮುಖ ನೋಡಿದಳು.

"ಹಿಂಗೇ ಚೆಲ್ಲಾಡ್ತಿದ್ದೇನ್ಲಾ ಅಷ್ಟು ವರ್ಷ? ನಿನ್ನ ಯಾರ್ಲಾ ಕ್ಯಾಪ್ಟನ್ ಮಾಡಿದ್ದು?" ಎಂದು, ತಟ್ಟೆಯನ್ನು ನನ್ನ ಕಡೆಗೆ ಎತ್ತಿ ಹಿಡಿದಳು. "ಹಾಕು, ಇನ್ನೊಂಚೂರು ಹಾಕು."